ಚೀಟಿ ಇಲ್ಲದೆ ಜಾಗ ಬಿಡಬೇಡ

ಆ ನಿಯಮ ಮಾಡಿದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಮೇಲ್ವಿಚಾರಕ ಸಹಿ ಮಾಡಿದ ಚೀಟಿ ಕೈಗೆ ಬರುವ ತನಕ ನಿಂತ ಜಾಗ ಬಿಡಬಾರದು, ಇಷ್ಟೇ ನಿಯಮ. ಹೈದರಾಬಾದಿನ ತಾರ್ನಾಕದಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆಗಳ ಕಚೇರಿ ನಮ್ಮದು. ಅಲ್ಲಿ ಆರು ಜನ ಹುಡುಗ ಹುಡುಗಿಯರನ್ನು ಚಾಪೆಯ ಮೇಲೆ ಸಾಲಾಗಿ ಕೂರಿಸಿ, ಈ ಮಾತನ್ನು ಅವರ ಬಾಯಿಂದಲೇ ಮೂರು ಸಲ ಹೇಳಿಸಿದ್ದೆ. ಒಬ್ಬ ಹುಡುಗ ನಕ್ಕ. ಅವನ ಕೈಲಿ ನಾಲ್ಕನೇ ಸಲವೂ ಹೇಳಿಸಿದೆ. ಹಿಂದಿನ ವರ್ಷ ರಸ್ತೆಯಲ್ಲಿ ಗಾಡಿ ಎಣಿಸುವ ಕೆಲಸಕ್ಕೆ ಕಳಿಸಿದ್ದ ಹುಡುಗರು ಚಹಾದ ಅಂಗಡಿಯಲ್ಲಿ ಕೂತು ಮನಸ್ಸಿಗೆ ಬಂದ ಸಂಖ್ಯೆ ತುಂಬಿಸಿಕೊಂಡು ಬಂದಿದ್ದರು. ಮೂರು ದಿನವೂ ಒಂದೇ ಗಂಟೆಗೆ ಒಂದೇ ಸಂಖ್ಯೆ ಕಂಡಾಗ ನನ್ನ ಮೈ ಉರಿದುಹೋಗಿತ್ತು. ಅವತ್ತಿನಿಂದ ಈ ಚೀಟಿ.

ಊರಿನ ಪಶ್ಚಿಮಕ್ಕೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳು ಅವು. ಕಂಪ್ಯೂಟರ್ ಕಂಪನಿಗಳ ಹುಡುಗರು ಶುಕ್ರವಾರ ಸಂಜೆಯಾದರೆ ಬಸ್ಸು ಮಾಡಿಕೊಂಡು ಸಮುದ್ರದ ಕಡೆ ಹೊರಡುತ್ತಿದ್ದರು. ಅವರು ಹೆಚ್ಚಾಗಿ ಹೋಗುತ್ತಿದ್ದದ್ದು ನದಿ ಸಮುದ್ರ ಸೇರುವ ಒಂದು ಅಳಿವೆಗೆ. ಉಪ್ಪುನೀರಿನಲ್ಲಿ ಬೇರು ಊರಿ ನಿಲ್ಲುವ ಕಾಂಡ್ಲಾ ಗಿಡಗಳ ಕಾಡು ಅಲ್ಲಿದೆ, ಕಾಡಿನ ನಡುವೆ ಜಡೆ ಬಿಚ್ಚಿದ ಹಾಗೆ ಕವಲು ಕವಲಾಗಿ ನೀರು. ಅಲ್ಲಿ ಹೊಸ ದೋಣಿಕಟ್ಟೆಯನ್ನೂ ತಂಗುಮನೆಗಳನ್ನೂ ಕಟ್ಟಬೇಕೆಂದಿದ್ದ ಒಂದು ಕಂಪನಿ ನಮಗೆ ಕೆಲಸ ಕೊಟ್ಟಿತ್ತು. ಬರುವವರು ಆ ಜೌಗನ್ನು ಯಾವುದಕ್ಕೆ ಬಳಸುತ್ತಾರೆ, ಅದರಲ್ಲಿ ಯಾವುದನ್ನು ಬೆಲೆಯುಳ್ಳದ್ದು ಅನ್ನುತ್ತಾರೆ ಎಂದು ಕೇಳಿಕೊಂಡು ಬರಬೇಕು. ಇಡೀ ಕೆಲಸದ ಉಸ್ತುವಾರಿ ನನ್ನದು. ನೀರು ಕಂಡರೆ ಹೆದರುವ ನಾನು ಆ ಜಾಗವನ್ನು ನೋಡಿದ್ದು ಒಂದೇ ಸಲ, ಎರಡು ದಿನ. ದೋಣಿಯಲ್ಲಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ಕೇಳುವ ವಿಧಾನಕ್ಕೆ ಹುಣಸೆ ಬೀಜ ಬೇಕಿತ್ತು. ಇಷ್ಟಕ್ಕೆ ಎಷ್ಟು ರೂಪಾಯಿ ಕೊಡುತ್ತೀರಿ ಎಂದರೆ ಜನ ನಗುತ್ತಾರೆ, ಇಲ್ಲವೇ ಸುಳ್ಳು ಹೇಳುತ್ತಾರೆ. ಅದರ ಬದಲು ಐದು ಚಿತ್ರದ ಕಾರ್ಡು ಹಾಸಿ, ಕೈಗೆ ಇಪ್ಪತ್ತು ಬೀಜ ಕೊಟ್ಟು, ನಿಮಗೆ ಯಾವುದು ಎಷ್ಟು ಮುಖ್ಯವೋ ಅಷ್ಟು ಬೀಜ ಇಡಿ ಅನ್ನುವುದು. ದೋಣಿ ವಿಹಾರ, ಹಕ್ಕಿ, ಮೀನು ಏಡಿ, ಸುಮ್ಮನೆ ಕೂರುವ ಜಾಗ, ಗಾಳಿ ಅಲೆಗೆ ತಡೆ, ಇವು ಐದು. ಬೆಂಕಿಕಡ್ಡಿ ಗಾಳಿಗೆ ಹಾರುತ್ತವೆ, ಕಲ್ಲು ಭಾರ. ಹಾಗಾಗಿ ನಮ್ಮವ್ವ ತೊಳೆದು ಒಣಗಿಸಿಕೊಟ್ಟ ಬೀಜಗಳನ್ನು ಫೋಟೋ ರೀಲಿನ ಖಾಲಿ ಡಬ್ಬಿಗಳಲ್ಲಿ ಇಪ್ಪತ್ತಿಪ್ಪತ್ತು ಎಣಿಸಿ ತುಂಬಿದ್ದೆ.

ಕೇಳುವವರು ನಿಲ್ಲಬೇಕಾದ ಜಾಗಗಳು ಮೂರು. ಮೊದಲನೆಯದು ದೋಣಿಕಟ್ಟೆ, ಎರಡನೆಯದು ಕಾಡಿನೊಳಗಿನ ಹಲಗೆ ದಾರಿ. ಮೂರನೆಯದು ಅಳಿವೆಯ ಬಾಯಲ್ಲಿದ್ದ ಮರಳಿನ ದಿಬ್ಬ. ದೋಣಿಯಲ್ಲಿ ಅಲ್ಲಿಗೆ ಅರ್ಧ ಗಂಟೆ. ಪ್ರವಾಸಿಗರನ್ನು ಅಲ್ಲಿ ಇಳಿಸಿ ಒಂದು ಗಂಟೆ ಬಿಟ್ಟು ಕರೆದುಕೊಂಡು ಬರುತ್ತಿದ್ದರು. ಮೂರನೆಯ ಜಾಗಕ್ಕೆ ನಾನು ಆರಿಸಿದ್ದು ಬಾಲಾನಗರದ ಹುಡುಗಿಯನ್ನು. ಇಪ್ಪತ್ತು ವರ್ಷ, ಅಂಚೆಯ ಮೂಲಕ ಬಿ.ಕಾಂ. ಓದುತ್ತಿದ್ದಳು. ಕನ್ನಡ, ತೆಲುಗು, ಹಿಂದಿ ಮೂರೂ ನೀರು ಕುಡಿದಷ್ಟು ಸಲೀಸು. ಆರು ಜನರಲ್ಲಿ ನಾನು ಕಣ್ಣು ಮುಚ್ಚಿ ನಂಬಬಹುದಾಗಿದ್ದವಳು ಅವಳೊಬ್ಬಳೇ. ಅದಕ್ಕೇ ಅಷ್ಟು ದೂರ ಕಳಿಸಿದೆ.

ಅವಳ ತಂದೆ ಶಹಾಪುರದ ಕಡೆಯವರು, ಗೌಂಡಿ ಕೆಲಸ. ಲೇತ್ ಮಷೀನುಗಳ ಸದ್ದಿನ ಗಲ್ಲಿಯಲ್ಲಿ ಅವರ ಮನೆ. ನಾನೇ ಹೋಗಿ ಅಪ್ಪಣೆ ಕೇಳಿದೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಕೊಟ್ಟ ಪತ್ರವನ್ನು ಹಾಗೇ ಮಡಿಚಿ ಮಗಳ ಕೈಗಿತ್ತು ನನ್ನ ಮುಖ ನೋಡಿದರು.

"ಅಕ್ಕಾರ, ನಮ್ಮ ಕಡೆ ನೀರಂದ್ರ ಭಾವಿ, ಇಲ್ಲಾ ಹಳ್ಳ. ಸಮುದ್ರ ನಾ ಕಂಡಿಲ್ರಿ. ಆಕಿಗಿ ಈಜ ಬರಂಗಿಲ್ಲ. ನೀವ ಹೇಳ್ರಿ, ಕಳಸಲೇನು?"

"ಕಳಸ್ರಿ ಕಾಕಾ. ಮೂರು ವಾರದ ಕೆಲಸ. ಕಡೀ ಸೋಮವಾರ ಮುಂಜಾನಿ ಗಾಡಿಗೆ ಬರ್ತಾಳ. ಜವಾಬ್ದಾರಿ ನಂದು," ಎಂದೆ.

ಅವರು ತಲೆ ಆಡಿಸಿದರು. ಹುಡುಗಿ ಒಳಗೆ ಹೋಗಿ ಆಗಲೇ ಬಟ್ಟೆ ಮಡಚತೊಡಗಿದ್ದಳು. ಸುಣ್ಣ ಹಚ್ಚಿದ ಹಾಗೆ ಬೆಳ್ಳಗಿದ್ದ ಅವರ ಬೆರಳುಗಳನ್ನು ನೋಡುತ್ತ ನಾನು ಚಹಾ ಮುಗಿಸಿದೆ.

ಮೊದಲ ಎರಡು ವಾರ ಏನೂ ತೊಂದರೆ ಆಗಲಿಲ್ಲ. ಎರಡು ದಿನಕ್ಕೊಮ್ಮೆ ಬಸ್ಸಿನ ಪಾರ್ಸೆಲ್‌ನಲ್ಲಿ ಫಾರ್ಮುಗಳು ಬರುತ್ತಿದ್ದವು. ನಾನು ಕೆಂಪು ಪೆನ್ನು ಹಿಡಿದು ಒಂದೊಂದನ್ನೂ ಸೋಸುತ್ತಿದ್ದೆ. ಕಂಪ್ಯೂಟರ್ ಹುಡುಗರು ಹೆಚ್ಚು ಬೀಜ ಇಡುತ್ತಿದ್ದದ್ದು ದೋಣಿ ವಿಹಾರದ ಮೇಲೆ. ಒಬ್ಬ ಮಾತ್ರ ಇಪ್ಪತ್ತನ್ನೂ 'ಸುಮ್ಮನೆ ಕೂರುವ ಜಾಗ'ದ ಮೇಲೆ ಸುರಿದು, ಇಲ್ಲಿ ಯಾರೂ ನನ್ನನ್ನು ಮೀಟಿಂಗಿಗೆ ಕರೆಯುವುದಿಲ್ಲ ಅಂದಿದ್ದನಂತೆ. ಐದನೆಯ ಕಾರ್ಡಿಗೆ, ಅಂದರೆ ಗಾಳಿ ಅಲೆಗೆ ತಡೆ ಅನ್ನುವುದಕ್ಕೆ, ಹೆಚ್ಚಿನವರು ಒಂದು ಬೀಜವನ್ನೂ ಇಡುತ್ತಿರಲಿಲ್ಲ. ಯಾವ ಗಾಳಿ ಎಂದು ಕೇಳಿದವರೂ ಇದ್ದರು. ಆ ಕಾರ್ಡು ದಂಡ, ಮುಂದಿನ ಸಲ ತೆಗೆದುಬಿಡೋಣ ಎಂದು ನಾನು ಟಿಪ್ಪಣಿ ಬರೆದಿಟ್ಟೆ.

ಎರಡನೇ ವಾರದ ಕಟ್ಟಿನಲ್ಲಿ ಹುಡುಗಿಯ ಕೈಬರಹದ ಒಂದು ಫಾರ್ಮು ಬೇರೆ ಥರ ಇತ್ತು. ಆಚೆ ದಂಡೆಯ ಊರಿನ ಒಬ್ಬ ಹೆಂಗಸು. ತಿಂಗಳಿಗೆರಡು ಸಲ ಪುಟ್ಟ ದೋಣಿಯಲ್ಲಿ ಬಂದು ಸುಣ್ಣದ ಭಟ್ಟಿಗಾಗಿ ಚಿಪ್ಪು ಆರಿಸುತ್ತಾಳೆ. ಅವಳು ಇಪ್ಪತ್ತು ಬೀಜಗಳನ್ನೂ ಐದನೆಯ ಕಾರ್ಡಿನ ಮೇಲೆ ಇಟ್ಟಿದ್ದಳು. 'ಇತರ ಮಾತು' ಎಂಬಲ್ಲಿ ಜಾಗ ಸಾಲದೆ ಹುಡುಗಿ ಅಂಚಿನಲ್ಲೂ ಸಣ್ಣಗೆ ಬರೆದಿದ್ದಳು. ನನಗೆ ಸಿಟ್ಟು ಬಂತು. ಸಂದರ್ಶಕರು ಎಂದರೆ ಹೊರಗಿನಿಂದ ವಿಹಾರಕ್ಕೆ ಬಂದವರು ಎಂದು ಅಷ್ಟು ಸಲ ಹೇಳಿಕೊಟ್ಟಿದ್ದೆ. ಚಿಪ್ಪು ಆರಿಸುವವಳು ಯಾವ ಲೆಕ್ಕದಲ್ಲಿ ಸಂದರ್ಶಕಳು? ಮೂಲೆಯಿಂದ ಮೂಲೆಗೆ ಕೆಂಪು ಗೀಟು ಎಳೆದೆ. ಕೆಳಗೆ 'ಅರ್ಹರಲ್ಲ, ಇಂಥ ಕಥೆ ಬೇಡ' ಎಂದು ಬರೆದು ತಿರಸ್ಕೃತ ಫಾರ್ಮುಗಳ ಕಟ್ಟಿಗೆ ಸೇರಿಸಿದೆ. ಮೇಲ್ವಿಚಾರಕ ಫೋನು ಮಾಡಿದಾಗ ಹುಡುಗಿಗೆ ಬುದ್ಧಿ ಹೇಳು ಎಂದೂ ಅಂದೆ. ಅಂಚಿನ ಬರಹವನ್ನು ಪೂರ್ತಿ ಓದಲಿಲ್ಲ.

ಕೊನೆಯ ವಾರದ ಶುಕ್ರವಾರ ಮೇಲ್ವಿಚಾರಕ ದೋಣಿಕಟ್ಟೆಯ ಹತ್ತಿರದ ಎಸ್‌ಟಿಡಿ ಬೂತಿನಿಂದ ಮಾತಾಡಿದ. ತೆಲುಗಿನ ಹುಡುಗ, ಎಂ.ಎ. ಮುಗಿಸಿದವನು, ಮೆದು ಸ್ವಭಾವ. ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋದವರು ಹೇಳುತ್ತಿದ್ದಾರೆ, ಒಂದು ದಿನ ಮುಂಚೆ ಹೊರಟುಬಿಡಲೇ ಮೇಡಂ ಎಂದು ಕೇಳಿದ. ಅಲ್ಲಿ ಮಳೆ ಬರುತ್ತಿದೆಯೇ ಎಂದೆ. ಇಲ್ಲ, ಬರೀ ಮೋಡ ಎಂದ. ಮೂರನೆಯ ಜಾಗದಿಂದ ಬರಬೇಕಾದ ಫಾರ್ಮು ಇನ್ನೂ ನಲವತ್ತು ಬಾಕಿ ಇವೆ, ಶನಿವಾರ ಮುಗಿಸಿಯೇ ಹೊರಡಿ ಎಂದೆ. ನಮ್ಮ ನಿರ್ದೇಶಕರು ಇದನ್ನು ಕೇಳಿರಲಿಲ್ಲ, ಕಂಪನಿಯವರೂ ಕೇಳಿರಲಿಲ್ಲ. ನಲವತ್ತು ಕಡಿಮೆಯಾದರೆ ಕೋಷ್ಟಕದಲ್ಲಿ ಒಂದು ಸಾಲು ಬಡಕಲಾಗಿ ಕಾಣುತ್ತದೆ ಎಂಬ ಹಟ, ಅಷ್ಟೇ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಫೋನು ಬಂತು. ಗಾಳಿಯ ಸದ್ದಿನಲ್ಲಿ ಅವನ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಗಾಳಿ ಒಮ್ಮೆಲೇ ಎದ್ದಿದೆ, ದಿಬ್ಬದಲ್ಲಿದ್ದ ಪ್ರವಾಸಿಗರನ್ನೆಲ್ಲ ಕೊನೆಯ ದೋಣಿಯಲ್ಲಿ ತಂದಾಯಿತು. ಹುಡುಗಿ ಮಾತ್ರ ಹತ್ತಲಿಲ್ಲ.

ಯಾಕೆ ಎಂದು ಕೇಳಿದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು.

ದೋಣಿಯವನು ಕರೆದನಂತೆ. ಸಾರ್ ಚೀಟಿ ಕೊಟ್ಟಿದ್ದಾರಾ ಎಂದು ಅವಳು ಕೇಳಿದಳಂತೆ. ಅವನ ಕೈಲಿ ಚೀಟಿ ಇರಲಿಲ್ಲ. ಹಾಗಾದರೆ ಮುಂದಿನ ದೋಣಿಗೆ ಬರುತ್ತೇನೆ, ನೀವು ನಡೆಯಿರಿ ಅಂದಳಂತೆ. ಇದು ತಿಳಿದ ಕೂಡಲೇ ಮೇಲ್ವಿಚಾರಕ ಚೀಟಿ ಬರೆದು ಇನ್ನೊಂದು ದೋಣಿ ಕಳಿಸಿದ್ದಾನೆ. ಅಲೆಗೆ ಹೆದರಿ ಅದು ಅರ್ಧ ದಾರಿಯಿಂದ ಚೀಟಿಯ ಸಮೇತ ವಾಪಸು ಬಂದಿದೆ. ಇಷ್ಟು ಹೇಳುವಷ್ಟರಲ್ಲಿ ಲೈನು ಕಡಿದುಹೋಯಿತು.

ರಿಸೀವರ್ ಹಿಡಿದುಕೊಂಡೇ ನಿಂತೆ. ಆ ದಿಬ್ಬ ನನ್ನ ಕಣ್ಣ ಮುಂದೆ ಬಂತು. ಒಂದು ಮರವಿಲ್ಲ, ಒಂದು ಗುಡಿಸಲಿಲ್ಲ. ಉಬ್ಬರದ ಹೊತ್ತಿನಲ್ಲಿ ಅದರ ಮುಕ್ಕಾಲು ಭಾಗ ನೀರಿನಡಿಗೆ ಹೋಗುವುದನ್ನು ನಾನೇ ನೋಡಿದ್ದೆ. ಸಂಜೆ ಉಬ್ಬರ ಎಷ್ಟು ಗಂಟೆಗೆ ಎಂಬುದು ಗೋಡೆಯ ಮೇಲೆ ನಾನೇ ಅಂಟಿಸಿದ ಪಟ್ಟಿಯಲ್ಲಿತ್ತು. ಆರೂ ಹತ್ತಕ್ಕೆ.

ಬೂತಿನ ನಂಬರು ತಿರುಗಿಸಿದೆ, ಸತ್ತಿತ್ತು. ಆ ತಾಲೂಕಿನ ಪೊಲೀಸ್ ಠಾಣೆಗೆ ಲೈನು ಸಿಕ್ಕಿತು. ದೋಣಿಗಳನ್ನು ಯಾವುದಕ್ಕೂ ಇಳಿಸುವ ಹಾಗಿಲ್ಲ, ಬೆಳಗಾಗಲಿ ಅಂದರು. ನಿರ್ದೇಶಕರಿಗೆ ತಿಳಿಸಿದೆ. ಅವರು ಊರಿನಲ್ಲಿರಲಿಲ್ಲ, ಫೋನಿನಲ್ಲೇ ಧೈರ್ಯ ಹೇಳಿದರು. ಗೋಡೆಯ ಗಡಿಯಾರ ನೋಡಬಾರದೆಂದು ಬೆನ್ನು ಮಾಡಿ ಕೂತೆ. ಆರು ಗಂಟೆ ಆಗುತ್ತಿದ್ದುದು ಬೆನ್ನಿಗೂ ಗೊತ್ತಾಗುತ್ತಿತ್ತು. ತಾರ್ನಾಕದ ಬೀದಿಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆರೂಕಾಲಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹುಡುಗಿಯ ತಂದೆ. ಕಟ್ಟಡದ ಕೆಲಸದ ಕಡೆ ಯಾರದೋ ರೇಡಿಯೋದಲ್ಲಿ ಗಾಳಿಯ ಸುದ್ದಿ ಕೇಳಿ, ಬಟ್ಟೆಯನ್ನೂ ಬದಲಿಸದೆ ಎರಡು ಬಸ್ಸು ಹಿಡಿದು ಬಂದಿದ್ದರು. ಲೈನು ಸಿಗುತ್ತಿಲ್ಲ, ಎಲ್ಲರೂ ಲಾಡ್ಜಿನಲ್ಲಿ ಇರಬೇಕು ಎಂದು ಹೇಳಿದೆ. ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅಸಹ್ಯವಾಯಿತು. ಅವರು ಆಯಿತು ಎಂದು ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ಕೂತರು. ನನ್ನ ಮಾತನ್ನು ನಂಬಿ ಕೂತವರನ್ನು ಹತ್ತು ನಿಮಿಷ ನೋಡಿದೆ. ಆಮೇಲೆ ತಡೆಯಲಾಗಲಿಲ್ಲ. ಅವರೆದುರು ಚಾಪೆಯ ಮೇಲೆ ಕೂತು ಚೀಟಿಯ ಸಂಗತಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಆಕಿ ಹೇಳಿದ್ದ ಕೇಳೂ ಹುಡುಗಿರಿ," ಎಂದರು. "ಸಣ್ಣಾಕಿ ಇದ್ದಾಗ ಉಸುಕಿನ ಗುಂಪಿ ಕಾಯಿ ಅಂತ ಕುಂದರಿಸಿದ್ರ, ನಾ ಬರೂತನಕ ಎದ್ದಾಕಿ ಅಲ್ಲ."

ಆ ರಾತ್ರಿ ಇಬ್ಬರೂ ಕಚೇರಿಯಲ್ಲೇ ಉಳಿದೆವು.

ಭಾನುವಾರ ಬೆಳಕು ಹರಿಯುವ ಮೊದಲೇ ನಾನು ಫಾರ್ಮುಗಳನ್ನು ನೆಲಕ್ಕೆ ಸುರಿದುಕೊಂಡೆ. ಪ್ರತಿ ಫಾರ್ಮಿನ ಕೊನೆಯಲ್ಲಿ ಒಂದು ಕಾಲಂ ಇರುತ್ತದೆ, ಎಲ್ಲಿ ಉಳಿದುಕೊಂಡಿದ್ದೀರಿ, ಅಲ್ಲಿನ ಫೋನ್ ನಂಬರು ಏನು ಎಂದು. ನಮ್ಮವರು ನಿಜವಾಗಿ ಮಾತಾಡಿಸಿದ್ದಾರೋ ಇಲ್ಲವೋ ಎಂದು ಹತ್ತರಲ್ಲಿ ಒಬ್ಬರಿಗೆ ಫೋನು ಮಾಡಿ ತಾಳೆ ನೋಡುವುದಕ್ಕೆ ಅದು. ಅವುಗಳಿಂದ ಲಾಡ್ಜುಗಳ ನಂಬರುಗಳನ್ನೆಲ್ಲ ಆರಿಸಿ ಬರೆದುಕೊಂಡು ಒಂದೊಂದಾಗಿ ತಿರುಗಿಸಿದೆ. ಅಳಿವೆಯ ಪಕ್ಕದವೆಲ್ಲ ಸತ್ತಿದ್ದವು. ಏಳು ಗಂಟೆಗೆ, ಒಳನಾಡಿನ ಪಟ್ಟಣದ ಒಂದು ಲಾಡ್ಜಿನ ಫೋನು ರಿಂಗಾಯಿತು. ಹಿಂದಿನ ದಿನ ದಿಬ್ಬಕ್ಕೆ ಹೋಗಿದ್ದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಹೈದರಾಬಾದಿನ ಕಂಪನಿಯೊಂದರ ತಂಡ ಅಲ್ಲಿ ಸಿಕ್ಕಿಹಾಕಿಕೊಂಡಿತ್ತು. ಒಬ್ಬ ಹುಡುಗ ನಿದ್ದೆಗಣ್ಣಿನಲ್ಲಿ ಫೋನಿಗೆ ಬಂದ.

ಅವನು ಕೊನೆಯ ದೋಣಿಯಲ್ಲಿದ್ದ. ಬೀಜದ ಹುಡುಗಿಯೇ ಎಂದು ಕೇಳಿದ. ದೋಣಿ ಹೊರಟಾಗ ಅವಳು ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡು ನಿಂತಿದ್ದಳಂತೆ. ಒಬ್ಬಳೇ ಇದ್ದಳೇ ಎಂದೆ. ಪ್ರವಾಸಿಗರು ಅಂತ ಬೇರೆ ಯಾರೂ ಇರಲಿಲ್ಲ ಎಂದ. ನಾನು ಮತ್ತೆ ಕೇಳಿದೆ, ಪ್ರವಾಸಿಗರಲ್ಲದವರು? ಹಾಂ, ದಿಬ್ಬದ ಹಿಂಬದಿಯ ಕೆಸರಿನಲ್ಲಿ ಮೂವರು ಹೆಂಗಸರು ಏನೋ ಆರಿಸುತ್ತಿದ್ದರು, ಅವರವು ಎರಡು ಪುಟ್ಟ ದೋಣಿ, ಫೋಟೋದಲ್ಲೂ ಬಂದಿರಬಹುದು ಎಂದ.

ತಿರಸ್ಕೃತ ಫಾರ್ಮುಗಳ ಕಟ್ಟು ಬೀರುವಿನ ತಳದಲ್ಲಿತ್ತು. ಬಿಚ್ಚುವಾಗ ದಾರದ ಗಂಟು ಕೈಗೆ ಸಿಗಲಿಲ್ಲ. ಹುಡುಗಿಯ ತಂದೆ ಜೇಬಿನಿಂದ ಗೌಂಡಿ ನೂಲು ಕತ್ತರಿಸುವ ಬ್ಲೇಡು ತೆಗೆದು ಕೊಯ್ದರು. ಕೆಂಪು ಗೀಟಿನ ಆ ಫಾರ್ಮನ್ನು ಬೆಳಕಿಗೆ ಹಿಡಿದೆ. ಗೀಟಿನ ಅಡಿಯ ಅಕ್ಷರಗಳನ್ನು ಮೊದಲ ಸಲ ಓದಿದೆ.

'ಗಾಳಿ ಬಂದರೆ ಮನೆಗೆ ಹೋಗಲಿಕ್ಕೆ ಆಗುವುದಿಲ್ಲ, ಹೊಳೆ ದಾಟಿಸುವುದಿಲ್ಲ ಎನ್ನುತ್ತಾರೆ. ದಿಬ್ಬದ ಹಿಂದೆ ಮುರಿದ ಇಟ್ಟಿಗೆ ಕಂಬವಿದೆ. ಅದರ ಎಡಕ್ಕೆ ಸಣ್ಣ ಕವಲು, ಹೊರಗಿನಿಂದ ಬರೀ ಗಿಡ ಕಾಣುತ್ತದೆ. ಬಗ್ಗಿ ಒಳಗೆ ಹೋದರೆ ದೋಣಿ ಕಟ್ಟುವಷ್ಟು ಜಾಗ. ಅಲ್ಲಿ ನೀರು ಅಲ್ಲಾಡುತ್ತದೆ, ಗಾಳಿ ಮುಟ್ಟುವುದಿಲ್ಲ ಎನ್ನುತ್ತಾರೆ. ಅವರ ತಾಯಿಯೂ ಅಲ್ಲೇ ಉಳಿದುಕೊಂಡಿದ್ದರಂತೆ.'

ಎಂಟು ಗಂಟೆಗೆ ಮೇಲ್ವಿಚಾರಕ ಫೋನು ಮಾಡಿದ. ಬಿದ್ದ ಮರಗಳನ್ನು ದಾಟಿಕೊಂಡು ಪಟ್ಟಣದವರೆಗೆ ಯಾರದೋ ಮೋಟರ್ ಸೈಕಲ್ಲಿನಲ್ಲಿ ಬಂದಿದ್ದ. ದಿಬ್ಬದ ಮೇಲೆ ಇಡೀ ರಾತ್ರಿ ಅಲೆ ಹಾಯ್ದಿದೆ, ಈಗ ಅಲ್ಲಿ ಏನೂ ಕಾಣುತ್ತಿಲ್ಲ ಎಂದ. ಒಂದು ದೊಡ್ಡ ಮೋಟಾರು ದೋಣಿ ಸಿಕ್ಕಿದೆ, ಆದರೆ ಒಂದೇ ಸಲ ಹೋಗಿಬರಲು ಸಾಧ್ಯ. ಮಧ್ಯಾಹ್ನ ಮತ್ತೆ ಗಾಳಿ ಏಳುತ್ತದಂತೆ. ದೋಣಿಯವರು ಹೊರಗಡೆ, ಸಮುದ್ರದ ಬದಿಗೆ ಹುಡುಕೋಣ ಅನ್ನುತ್ತಿದ್ದಾರೆ. ನೀರಿನ ಸೆಳೆತ ಆ ಕಡೆಗೇ ಇತ್ತು, ಏನಾದರೂ ತೇಲಿಕೊಂಡಿದ್ದರೆ ಅಲ್ಲೇ ಸಿಗಬೇಕು. ಏನು ಮಾಡಲಿ ಮೇಡಂ ಎಂದ.

ನಾನು ಫಾರ್ಮು ಓದಿ ಹೇಳಿದೆ. ಅಂಥ ಕವಲು ಇರುವುದು ಇಲ್ಲಿ ಯಾರಿಗೂ ಗೊತ್ತಿಲ್ಲ ಎಂದ. ಅದು ನಿಜವಿರಬಹುದು. ದೋಣಿಕಟ್ಟೆಯವರು ಪ್ರವಾಸಿಗರ ಕೆಲಸಕ್ಕೆಂದು ಬೇರೆ ಊರುಗಳಿಂದ ಬಂದವರು. ದೊಡ್ಡ ದೋಣಿಗಳ ದಾರಿ ಬಿಟ್ಟು ಅವರು ಎಂದೂ ಒಳಗೆ ಹೋದವರಲ್ಲ.

ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದು ಹುಡುಗಿಯ ತಂದೆಯ ಕಡೆ ತಿರುಗಿದೆ. ಎರಡು ದಾರಿ ಇವೆ, ಒಂದಕ್ಕೇ ಹೋಗಲು ಸಾಧ್ಯ ಎಂದು ಹೇಳಿದೆ. ಸಮುದ್ರದ ಕಡೆ ಇದ್ದು ನಾವು ಒಳಗೆ ಹುಡುಕಿದರೆ ಅವಳನ್ನು ನಾನೇ ಕೊಂದ ಹಾಗೆ ಎಂಬುದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ಹಿಂದಿನ ದಿನ ಒಂದು ಸಲ ಕೊಂದಿದ್ದೇನೋ ಇಲ್ಲವೋ ಅದೇ ಗೊತ್ತಿರಲಿಲ್ಲ.

"ಈ ಕಾಗದದಾಗ ಇದ್ದದ್ದು ಬರದಾಕಿ ನನ್ನ ಮಗಳೇನ್ರಿ?" ಎಂದು ಕೇಳಿದರು.

"ಹೌದ್ರಿ. ಆಕಿನ ಕೈಬರಹ."

"ಹಂಗಾರ ಆಕಿಗಿ ಆ ಜಾಗ ಗೊತ್ತೈತಿ."

ಅಷ್ಟು ಸರಳವಾದ ಮಾತು ನನಗೆ ಹೊಳೆದಿರಲಿಲ್ಲ. ಒಳಗೆ ಹೋಗಿ ಎಂದು ಫೋನಿನಲ್ಲಿ ಹೇಳಿದೆ. ಇಟ್ಟಿಗೆ ಕಂಬ, ಎಡಕ್ಕೆ, ಬಗ್ಗಿ ಹೋಗಬೇಕು. ಮೂರು ಸಲ ಅವನ ಬಾಯಿಂದ ಹೇಳಿಸಿದೆ. ಹಿಂದೆ ಚಾಪೆಯ ಮೇಲೆ ಕೂರಿಸಿ ಹಾಗೆ ಹೇಳಿಸಿದ್ದು ಮೂರನೆಯ ಸಲಕ್ಕೆ ನೆನಪಾಯಿತು.

ಆಮೇಲಿನ ಐದಾರು ಗಂಟೆಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಸುರಿದ ಫಾರ್ಮುಗಳನ್ನು ಜಾಗದ ಪ್ರಕಾರ ಜೋಡಿಸಿದೆ, ಕೆಡಿಸಿದೆ, ಮತ್ತೆ ಜೋಡಿಸಿದೆ. ಕೆಳಗಿನ ಝೆರಾಕ್ಸ್ ಅಂಗಡಿಯವನು ಇಡ್ಲಿ ತಂದುಕೊಟ್ಟ. ಯಾರೂ ಮುಟ್ಟಲಿಲ್ಲ. ಫೋನು ಎರಡು ಸಲ ರಿಂಗಾಯಿತು. ಎರಡೂ ಸಲ ನಿರ್ದೇಶಕರು. ಎರಡನೇ ಸಲ ಅವರ ಮೇಲೆ ರೇಗಿ, ಲೈನು ಖಾಲಿ ಬಿಡಿ ಎಂದುಬಿಟ್ಟೆ. ಹುಡುಗಿಯ ತಂದೆ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಒಡೆದುಹೋಗಿದ್ದ ಅಂಚಿನ ಸಿಮೆಂಟನ್ನು ಬೆರಳಿನಿಂದ ಸವರುತ್ತಿದ್ದರು. ನನಗೆ ವಿಪರೀತ ಹೆದರಿಕೆಯಾಗಿತ್ತು. ಅವಳಿಗಾಗಿ ಮಾತ್ರ ಎಂದು ಬರೆದರೆ ಸುಳ್ಳಾಗುತ್ತದೆ. ಆ ಮನುಷ್ಯನ ಮುಖಕ್ಕೆ ನಾನು ಯಾವ ಮಾತು ಹೇಳಬೇಕಾಗುತ್ತದೋ ಎಂದೂ ಹೆದರಿದ್ದೆ.

ಒಂದೂಮುಕ್ಕಾಲಿಗೆ ಮೇಲ್ವಿಚಾರಕನ ಫೋನು ಬಂತು. ಸಿಕ್ಕಳು ಎಂದ. ಅದಕ್ಕಿಂತ ಮುಂದಿನದು ನನಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದೆ. ಕಂಬದ ಎಡಕ್ಕೆ ಕವಲು ಇತ್ತಂತೆ. ದೊಡ್ಡ ದೋಣಿ ಒಳಗೆ ಹೋಗದೆ, ಇಬ್ಬರು ಸೊಂಟದ ಮಟ್ಟದ ನೀರಿನಲ್ಲಿ ಇಳಿದು ಕೂಗುತ್ತ ಹೋದರಂತೆ. ಬೇರುಗಳ ನಡುವೆ ಎರಡು ಪುಟ್ಟ ದೋಣಿಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ನಾಲ್ವರೂ ಕೂತಿದ್ದರಂತೆ. ಚಿಪ್ಪಿಗೆ ಸಿಕ್ಕಿ ಹುಡುಗಿಯ ಅಂಗಾಲು ಸೀಳಿತ್ತು, ಚಳಿಗೆ ಜ್ವರ ಬಂದು ಮೈ ಕಾದಿತ್ತು, ಅಷ್ಟೇ. ರಿಸೀವರನ್ನು ಅವಳ ತಂದೆಯ ಕೈಗೆ ಕೊಟ್ಟೆ. ಅವರು ತಿರುಗು ಮುರುಗಾಗಿ ಹಿಡಿದುಕೊಂಡರು. ತಿರುಗಿಸಿ ಕಿವಿಗೆ ಇಟ್ಟೆ. ಹಾಂ, ಹಾಂ ಎಂದಷ್ಟೇ ಅಂದರು. ನಾನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಬುಧವಾರ ಅವಳನ್ನು ಕರೆದುಕೊಂಡು ಅವರೇ ಕಚೇರಿಗೆ ಬಂದರು. ನಾನೇ ಮನೆಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದೆ. ಕೇಳಿರಲಿಲ್ಲ. ಕಾಗದಗಳನ್ನು ಕೈಯಾರೆ ಒಪ್ಪಿಸಬೇಕು ಅಂತಾಳ್ರಿ ಎಂದರು. ಹುಡುಗಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಬಂದು, ಪಾಲಿಥಿನ್ ಚೀಲ ಬಿಚ್ಚಿ ಎಲ್ಲವನ್ನೂ ಮೇಜಿನ ಮೇಲೆ ಇಟ್ಟಳು. ಬೀಜದ ಡಬ್ಬಿ, ಕಾರ್ಡುಗಳು, ತುಂಬಿದ ಹನ್ನೊಂದು ಫಾರ್ಮು. ಕೊನೆಯಲ್ಲಿ ಎಣಿಕೆಯ ಹಾಳೆ.

ಅರ್ಧ ಗಂಟೆಗೊಮ್ಮೆ ದಿಬ್ಬದ ಮೇಲೆ ಎಷ್ಟು ಜನ ಸಂದರ್ಶಕರಿದ್ದಾರೆ ಎಂದು ಬರೆಯುವ ಹಾಳೆ ಅದು. ಎರಡೂವರೆಗೆ ಹತ್ತೊಂಬತ್ತು. ಮೂರಕ್ಕೆ ಸೊನ್ನೆ. ಮೂರೂವರೆಗೆ ಸೊನ್ನೆ. ನಾಲ್ಕಕ್ಕೆ ಸೊನ್ನೆ. ನಾಲ್ಕೂವರೆಯ ಸೊನ್ನೆ ನೀರಿಗೆ ಕದಡಿ ನೀಲಿ ಕಲೆಯಾಗಿತ್ತು. ಆಮೇಲೆ ಖಾಲಿ.

ಹಾಳೆಯ ಖಾಲಿ ಚೌಕಗಳ ಕಡೆ ಬೆರಳು ತೋರಿಸಿ ಅವಳು ತಪ್ಪು ಮಾಡಿದವಳ ಹಾಗೆ ಹೇಳಿದಳು. "ಆವಾಗ ನೀರು ಮೊಣಕಾಲಿಗಿ ಬಂತ್ರಿ ಅಕ್ಕಾರ. ಆ ಅಮ್ಮ ಬಂದು ಕೈ ಹಿಡದು ಎಳಕೊಂಡು ಹೋದ್ಲು. ಚೀಟಿ ಬಂದಿದ್ದಿಲ್ಲ."

ಅವಳ ತಂದೆ ಮೇಜಿನ ಅಂಚಿನಲ್ಲಿದ್ದ ಇನ್ನೊಂದು ಕಾಗದವನ್ನು ನೋಡುತ್ತಿದ್ದರು. ಭಾನುವಾರದಿಂದ ಅದನ್ನು ನಾನು ಅಲ್ಲಿಂದ ತೆಗೆದಿರಲಿಲ್ಲ. ಓದು ಬಾರದಿದ್ದರೂ ಗುರುತು ಹಿಡಿದರು.

"ಇದ ಅಲ್ಲೇನ್ರಿ, ಆಕಿ ಎಲ್ಲಿ ಅದಾಳ ಅಂತ ಹೇಳಿದ್ದು?"

ಹೌದು ಎಂದೆ. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹೆಬ್ಬೆರಳನ್ನು ಕೆಂಪು ಗೀಟಿನ ಮೇಲಿಟ್ಟು, ಗೋಡೆಯ ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡುವ ಹಾಗೆ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯ ತನಕ ನಿಧಾನವಾಗಿ ಎಳೆದರು.

"ಮತ್ತ ಇದನ್ನ ಯಾಕ ಹೊಡದೀರಿ, ಅಕ್ಕಾರ?"

ಸಂದರ್ಶಕರು ಎಂದರೆ ಯಾರು ಎಂಬುದರ ವಿವರಣೆ ನನಗೆ ಬಾಯಿಪಾಠವಾಗಿತ್ತು. ಹುಡುಗಿಗೂ ಬಾಯಿಪಾಠವಿತ್ತು, ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾನು ಅದನ್ನು ಹೇಳಲಿಲ್ಲ.

"ಓದದೇ ಹೊಡದೆ ಕಾಕಾ," ಎಂದೆ.